ತಾಂಡೂರಿನ ಉಡಿ ಅಕ್ಕಿ

ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ ಸಂಕ್ರಾಂತಿಯ ಸುಮಾರಿಗೆ ಮುಚ್ಚಿದ ನಮ್ಮ ಶಾಲೆ ಫೆಬ್ರುವರಿ ಮುಗಿಯುತ್ತ ಬಂದರೂ ತೆರೆಯಲಿಲ್ಲ. ಜಹೀರಾಬಾದಿನ ಗೋಡೆಗಳ ಮೇಲೆಲ್ಲ ಕೆಮ್ಮಣ್ಣಿನಲ್ಲಿ ‘ಜೈ ತೆಲಂಗಾಣ’ ಎಂದು ಬರೆದಿತ್ತು. ತೆಲಂಗಾಣ ಬೇರೆ ರಾಜ್ಯವಾಗಬೇಕೆಂದು ದೊಡ್ಡ ಹುಡುಗರು ಮೆರವಣಿಗೆ ಹೋಗುತ್ತಿದ್ದರು. ಮೆಟ್ರಿಕ್ ಪರೀಕ್ಷೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ನಾವು ಅದೇ ಪಾಠಗಳನ್ನು ನಾಲ್ಕು ನಾಲ್ಕು ಸಲ ಓದಿ ಬೇಸತ್ತಿದ್ದೆವು.

ನಾವು ಎಂದರೆ ನಾಲ್ವರು. ನಾನು, ನನ್ನ ದೊಡ್ಡಪ್ಪನ ಮಗ ವೈಜಿನಾಥ, ಅವನ ಗೆಳೆಯ ತುಳಸಿರಾಮ, ನನ್ನ ಗೆಳತಿ ಶಿವಲಕ್ಷ್ಮಿ. ವೈಜಿನಾಥನಿಗೆ ಎಲ್ಲವನ್ನೂ ಪಟ್ಟಿ ಮಾಡುವ ಹುಚ್ಚು. ತುಳಸಿರಾಮ ದರ್ಜಿಯ ಮಗ. ಕನ್ನಡ, ತೆಲುಗು, ಉರ್ದು ಮೂರರಲ್ಲೂ ಒಂದೇ ವೇಗದಲ್ಲಿ ಸುಳ್ಳು ಹೇಳಬಲ್ಲವನು. ಶಿವಲಕ್ಷ್ಮಿ ಒಕ್ಕಲುತನದ ಮನೆಯವಳು, ಮಾತು ಕಡಿಮೆ.

ತಾಂಡೂರಿಗೆ ಹೋಗಿಬರುವ ಯೋಚನೆ ಹುಟ್ಟಿದ್ದು ನಮ್ಮ ಅಟ್ಟದ ಮೇಲೆ. ಒಬ್ಬೊಬ್ಬರು ಒಂದೊಂದು ಆಸೆ ಹೇಳಬೇಕು, ಅಷ್ಟನ್ನೂ ಒಂದೇ ದಿನ ಪೂರೈಸಿಕೊಂಡು ಬರಬೇಕು ಎಂದು ವೈಜಿನಾಥ ಕಾನೂನು ಮಾಡಿದ. ಅವನಿಗೆ ಕಲ್ಲು ಕೊಯ್ಯುವ ಯಂತ್ರ ನೋಡಬೇಕಿತ್ತು. ತುಳಸಿರಾಮನಿಗೆ ಇರಾನಿ ಹೋಟೆಲಿನಲ್ಲಿ ಕುಳಿತು ಚಹಾ ಕುಡಿಯಬೇಕಿತ್ತು. ಶಿವಲಕ್ಷ್ಮಿಗೆ ಸ್ಟೇಷನ್ನಿನ ಸೇತುವೆ ಏರಿ ಮೇಲಿನಿಂದ ರೈಲು ನೋಡುವ ಆಸೆ. “ಬಾಜೂದಿಂದ ದಿನಾ ನೋಡ್ತೀವಿ. ಮ್ಯಾಲಿಂದ ಹ್ಯಾಂಗ ಕಾಣ್ತದೋ” ಎಂದಳು.

ನನ್ನ ಸರದಿ ಬಂದಾಗ ನಾನು ಹೇಳಿದ್ದು ಕೇಳಿ ಎಲ್ಲರೂ ನಕ್ಕರು. ‘ನೀ ಯಾರ ಮಗಳವ್ವಾ’ ಎಂದು ಯಾರೂ ಕೇಳದ ಬಜಾರಿನಲ್ಲಿ ಅರ್ಧ ತಾಸು ನಡೆಯಬೇಕು ಎಂದಿದ್ದೆ. ಅಪ್ಪ ತಹಸೀಲ್ ಕಚೇರಿಯಲ್ಲಿ ಗುಮಾಸ್ತರು. ಜಹೀರಾಬಾದಿನಲ್ಲಿ ನಾನು ಬಳೆ ಅಂಗಡಿಯ ಮುಂದೆ ನಿಂತರೆ, ಮನೆ ಮುಟ್ಟುವಷ್ಟರಲ್ಲಿ ‘ಮಲ್ಲಿಕಾರ್ಜುನಪ್ಪನ ಮಗಳು ಹಸಿರು ಬಳೆ ನೋಡಾಕತ್ತಿದ್ದಳು’ ಎಂಬ ಸುದ್ದಿ ನನಗಿಂತ ಮುಂಚೆ ಬಂದು ಕೂತಿರುತ್ತಿತ್ತು.

ಆಸೆಯ ಹಿಂದೆ ಒಂದು ಭಯವೂ ಇತ್ತು. ಪರೀಕ್ಷೆ ಪಾಸಾದರೆ ಗುಲ್ಬರ್ಗಾದ ಕಾಲೇಜಿಗೆ ಕಳಿಸುತ್ತೇನೆಂದು ಅಪ್ಪ ಒಪ್ಪಿದ್ದರು. ಅಲ್ಲಿ ಸೋದರತ್ತೆಯ ಮನೆಯಿತ್ತು. ಆದರೆ ಒಂದು ಕರಾರು. “ನಿನ್ನ ಮಾತು ನಾಕು ಮಂದಿ ಬಾಯಾಗ ಬಂತಂದ್ರ ಕಾಲೇಜು ಮರತುಬಿಡು.” ಅಜ್ಜಿ ಭೀಮವ್ವನಿಗಂತೂ ನನ್ನನ್ನು ಊರು ಬಿಡಿಸುವುದೇ ಸೇರುತ್ತಿರಲಿಲ್ಲ. ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದರಿಂದ ನನ್ನ ಪರವಾಗಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಹುಡುಗರ ಜೊತೆ ಕದ್ದು ಊರು ತಿರುಗಿದ್ದು ತಿಳಿದರೆ ಕಾಲೇಜಿನ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆದರೂ ಹೊರಟೆ. ಹದಿನಾರು ವಯಸ್ಸು.

ಅದು ಸೀತನಿಯ ಕಾಲ. ಎಳೆಯ ಜೋಳದ ತೆನೆ ಸುಟ್ಟು ತಿನ್ನಲು ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವುದು ನಮ್ಮ ಕಡೆ ವಾಡಿಕೆ. ಶಿವಲಕ್ಷ್ಮಿಯ ಹೊಲಕ್ಕೆ ಸೀತನಿಗೆ ಹೋಗುತ್ತೇನೆ ಎಂದು ನಾನು ಹೇಳಿದೆ. ಓದಲು ಮಾಲತಿಯ, ಅಂದರೆ ನನ್ನ, ಮನೆಗೆ ಹೋಗುತ್ತೇನೆ ಎಂದು ಅವಳು ತನ್ನ ಮನೆಯಲ್ಲಿ ಹೇಳಿದಳು.

ಬೆಳಗಿನ ಗಾಡಿ ಹತ್ತಿ ವಿಕಾರಾಬಾದಿನಲ್ಲಿ ಇಳಿದೆವು. ಅಲ್ಲಿ ಗಾಡಿ ಬದಲಿಸಬೇಕು. ಯಾವ ಪ್ಲಾಟ್‌ಫಾರಮ್ಮಿಗೆ ಹೋಗಬೇಕೆಂದು ತಿಳಿಯದೆ ನಾವು ಅತ್ತಿತ್ತ ಓಡಾಡುವುದನ್ನು ಕಂಡು ಪೇರಲಹಣ್ಣು ಮಾರುವ ಹೆಂಗಸು ಬುಟ್ಟಿ ಹೊತ್ತುಕೊಂಡೇ ನಮ್ಮ ಮುಂದೆ ನಡೆದು ತಾಂಡೂರಿನ ಗಾಡಿಯ ಬಾಗಿಲವರೆಗೆ ಬಿಟ್ಟುಹೋದಳು. ಹಣ್ಣು ಕೊಳ್ಳಿರೆಂದು ಕೇಳಲೂ ಇಲ್ಲ. ಗಾಡಿ ಹೊರಟ ಮೇಲೆ ಅದು ಹೊಳೆದು ಶಿವಲಕ್ಷ್ಮಿ, “ಛೇ, ನಾಕು ಹಣ್ಣರ ತಗೋಬೇಕಾಗಿತ್ತು” ಎಂದು ಬಹಳ ಹೊತ್ತು ಪೇಚಾಡಿದಳು.

ತಾಂಡೂರಿನಲ್ಲಿ ಮೊದಲು ಸೇತುವೆ ಏರಿದೆವು. ಕೆಳಗೆ ಗೂಡ್ಸ್ ಗಾಡಿಯ ತೆರೆದ ಡಬ್ಬಿಗಳಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ಹೋಳಿಗೆ ಜೋಡಿಸಿಟ್ಟಂತೆ ಸಾಲಾಗಿ ನಿಂತಿತ್ತು. ಶಿವಲಕ್ಷ್ಮಿ ಕಂಬಿ ಹಿಡಿದು ಎರಡು ಗಾಡಿ ಹೋಗುವ ತನಕ ಅಲುಗಲಿಲ್ಲ. “ಇದಕ್ಕ ಬೆನ್ನರ ಎಷ್ಟುದ್ದ ಅದ ನೋಡು” ಎಂದಷ್ಟೇ ಹೇಳಿದಳು.

ಕಲ್ಲಿನ ಕಾರ್ಖಾನೆಯಲ್ಲಿ ಗರಗಸದ ಮೇಲೆ ನೀರು ಸುರಿಯುತ್ತಲೇ ಇತ್ತು. ಮೈಯೆಲ್ಲ ಬೂದು ಬಳಿದುಕೊಂಡಂತಿದ್ದ ಒಬ್ಬ ಕೆಲಸಗಾರ ನಾವು ಬೇಲಿಯಾಚೆ ನಿಂತದ್ದನ್ನು ನೋಡಿ ಕೈಸನ್ನೆ ಮಾಡಿ ಕರೆದ. ಗದ್ದಲದಲ್ಲಿ ಮಾತು ಕೇಳುವಂತಿರಲಿಲ್ಲ. ಒಣಗಿದ ಒಂದು ಹಾಸುಗಲ್ಲನ್ನು ತೋರಿಸಿದ. ಮಣ್ಣಿನ ಬಣ್ಣದ್ದು. ಅದರ ಮೇಲೆ ಒಂದು ಚೊಂಬು ನೀರು ಸುರಿದು ಅಂಗೈಯಿಂದ ಒರೆಸಿದ. ಕಲ್ಲು ನೀಲಿಯಾಯಿತು. ನಮ್ಮ ಮುಖ ನೋಡಿ ನಕ್ಕು ಮತ್ತೆ ಕೆಲಸಕ್ಕೆ ಹೋದ. ವೈಜಿನಾಥ ಪಟ್ಟಿಯಲ್ಲಿ ಗುರುತು ಹಾಕುವುದನ್ನೂ ಮರೆತ.

ಇರಾನಿ ಹೋಟೆಲಿನ ಬಾಗಿಲಲ್ಲಿ ನಾನು, ಶಿವಲಕ್ಷ್ಮಿ ಹಿಂಜರಿದೆವು. ಒಳಗೆಲ್ಲ ಗಂಡಸರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಮುದುಕರು, “ಆವ್ ಬೇಟಾ, ಇಧರ್ ಬೈಠೋ” ಎನ್ನುತ್ತ ತಮ್ಮ ಪಕ್ಕದ ಮೇಜಿನಿಂದ ಇಬ್ಬರನ್ನು ಎಬ್ಬಿಸಿ ನಮಗೆ ಜಾಗ ಮಾಡಿಕೊಟ್ಟರು. ನಾವು ಚಹಾ ಕುಡಿದು ಏಳುವ ತನಕ ಅವರು ನಮ್ಮ ಮತ್ತು ಉಳಿದವರ ನಡುವೆ ಬೆನ್ನು ಅಡ್ಡ ಕೊಟ್ಟು ಕೂತಿದ್ದರು. ಆಗ ಅದು ನನಗೆ ಹೊಳೆದಿರಲಿಲ್ಲ.

ಆಮೇಲೆ ನನ್ನ ಅರ್ಧ ತಾಸು. ಹುಡುಗರು ಇಪ್ಪತ್ತು ಹೆಜ್ಜೆ ಹಿಂದೆ ಬರಬೇಕೆಂದು ಹೇಳಿ ನಾನು ಬಜಾರಿನಲ್ಲಿ ನಡೆದೆ. ತೊಗರಿಬೇಳೆಯ ಅಂಗಡಿಗಳು, ಕಂಚಿನ ಪಾತ್ರೆಗಳು, ಬಳೆಗಳು. ಬಳೆಗಾರನ ಮುಂದೆ ಬೇಕೆಂದೇ ಬಹಳ ಹೊತ್ತು ನಿಂತೆ. ಅವನು ನನ್ನ ಮಣಿಕಟ್ಟಿನ ಅಳತೆ ಕೇಳಿದನೇ ಹೊರತು ಅಪ್ಪನ ಹೆಸರು ಕೇಳಲಿಲ್ಲ. ಅಂದು ನನಗೆ ಮೈ ಎಷ್ಟು ಹಗುರವಾಗಿತ್ತೆಂದರೆ, ಈ ಎಪ್ಪತ್ತಮೂರರ ಮಂಡಿನೋವಿನಲ್ಲೂ ಅದು ನೆನಪಾದರೆ ಒಂದೆರಡು ಹೆಜ್ಜೆ ಬೇಗ ಹಾಕುತ್ತೇನೆ.

ಸ್ಟೇಷನ್ನಿಗೆ ಹತ್ತಿರದ ದಾರಿಯೆಂದು ತುಳಸಿರಾಮ ಒಂದು ಸಂದಿಯಲ್ಲಿ ಕರೆದುಕೊಂಡು ಹೋದ. ಅಲ್ಲಿ ನೆಲದ ತುಂಬ ಕಲ್ಲಿನ ಚೂರು. ಒಂದು ಚೂರು ಶಿವಲಕ್ಷ್ಮಿಯ ಸವೆದ ಚಪ್ಪಲಿ ಸೀಳಿ ಅಂಗಾಲಿಗೆ ಹೋಯಿತು. ರಕ್ತ ಹರಿಯಿತು. ಅವಳು ಅಳಲಿಲ್ಲ, ಸುಮ್ಮನೆ ಕೂತುಬಿಟ್ಟಳು.

ಎದುರಿಗೆ ಉದ್ದುದ್ದ ಹಾಸುಗಲ್ಲು ನೆಟ್ಟು ಬೇಲಿ ಮಾಡಿದ ಒಂದು ಮನೆ. ಕಟ್ಟೆಯ ಮೇಲೆ ಮೊರದಲ್ಲಿ ಬೇಳೆ ಕೇರುತ್ತಿದ್ದ ಮುದುಕಿ ಮೊರ ಬದಿಗಿಟ್ಟು ಎದ್ದಳು.

“ರಗತ ಬರಾಕತ್ತದಲ್ಲ ಯವ್ವಾ. ಬರ್ರಿ, ಒಳಗ ಬರ್ರಿ. ಏ ತಮ್ಮಾ, ಹಂಗ ನಿಂತು ನೋಡಬ್ಯಾಡ, ಆಕೀನ ಹಿಡಿ.”

ಸೊಸೆ ಬಿಸಿನೀರು ತಂದಳು. ಮುದುಕಿಯೇ ಗಾಯ ತೊಳೆದು, ಅರಿಸಿನ ಒತ್ತಿ, ಹಳೆಯ ಸೀರೆಯ ಅಂಚು ಹರಿದು ಕಟ್ಟಿದಳು. ಅವಳ ಹೆಸರು ಬಂಡಮ್ಮ ಎಂದು ಆಮೇಲೆ ತಿಳಿಯಿತು. ಹಣೆಯಲ್ಲಿ ಕುಂಕುಮ ಇರಲಿಲ್ಲ. ಗಂಟು ಹಾಕುತ್ತಲೇ, ಇಡೀ ದಿನ ಯಾರೂ ಕೇಳದಿದ್ದ ಆ ಪ್ರಶ್ನೆ ಕೇಳಿದಳು.

“ಯಾವೂರು ನಿಮ್ದು? ಯಾರ ಮಕ್ಕಳು?”

ಜಹೀರಾಬಾದ್ ಎನ್ನುವಂತಿರಲಿಲ್ಲ. ತುಳಸಿರಾಮ ತಡಮಾಡಲಿಲ್ಲ.

“ರಾಯಿಕೋಡರಿ, ಆಯಿ.”

ಬಂಡಮ್ಮನ ಕೈ ಗಂಟಿನ ಮೇಲೆ ನಿಂತಿತು. ನಮ್ಮ ಕಡೆ ಯಾವ ಊರಿನ ಹೆಸರು ಹೇಳಿದರೂ ಅದು ಯಾರಾದರೊಬ್ಬರ ತವರಾಗಿರುತ್ತದೆ ಎಂಬುದು ನಮಗೆ ನಾಲ್ವರಿಗೂ ಆ ಹೊತ್ತಿಗೆ ಹೊಳೆಯಲಿಲ್ಲ.

“ರಾಯಿಕೋಡ?” ಎಂದಳು ಮೆಲ್ಲಗೆ. “ಊರ ಬಾಗಲ ಅಗಸಿ ಬಾಜೂಕ ಅಂಜಪ್ಪನ ಮನಿ ಗೊತ್ತೇನು? ಮುಂದ ಬಾವಿ, ಹುಣಸಿ ಗಿಡ.”

ತುಳಸಿರಾಮ ಗೋಣು ಆಡಿಸಿದ. “ಗೊತ್ತಿಲ್ಲದ ಏನ್ರಿ. ಅಂಜಪ್ಪ ಕಾಕಾ ಆರಾಮ ಇದ್ದಾರ.”

“ನನ್ನ ಅಣ್ಣ ಅಂವ” ಎಂದಳು ಬಂಡಮ್ಮ.

ಆಮೇಲೆ ನಮ್ಮನ್ನು ಏಳಗೊಡಲಿಲ್ಲ. ಸೊಸೆಗೆ ರೊಟ್ಟಿ ಬಡಿಯಲು ಹೇಳಿದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ನಾವು ತಿನ್ನುತ್ತಿದ್ದರೆ ಅವಳು ಎದುರಿಗೆ ಕೂತು ಕೇಳುತ್ತಲೇ ಹೋದಳು. ಹುಣಸಿ ಗಿಡಕ್ಕೆ ಈ ಸಲ ಕಾಯಿ ಹಿಡಿದಿದೆಯೇ? ಬಾವಿಯ ಮೆಟ್ಟಿಲು ರಿಪೇರಿ ಮಾಡಿದರೇ? ಅಣ್ಣನ ಕಣ್ಣು ಹೇಗಿದೆ? ತುಳಸಿರಾಮ ಕಾಯಿ ಹಿಡಿಸಿದ, ಮೆಟ್ಟಿಲು ಕಟ್ಟಿಸಿದ, ಕಣ್ಣು ನೆಟ್ಟಗೆ ಮಾಡಿದ. ಪ್ರತಿ ಉತ್ತರಕ್ಕೂ ಅವಳ ಮುಖ ಒಂದಿಷ್ಟು ಅರಳುತ್ತಿತ್ತು.

ತಾನಾಗಿಯೇ ಹೇಳಿದಳು. ಎಂಟು ವರ್ಷದ ಕೆಳಗೆ ಮಗಳ ಮದುವೆ. ಮದುಮಗಳನ್ನು ಹಂದರಕ್ಕೆ ಕರೆತರುವುದು ಸೋದರಮಾವನ ಹಕ್ಕು. ಹಳ್ಳ ತುಂಬಿ ಅಂಜಪ್ಪ ಬರುವುದು ತಡವಾಯಿತು. ಅಕ್ಕಿಕಾಳು ಹಾಕುವ ಮುಹೂರ್ತ ಮೀರುತ್ತದೆಂದು ಬಂಡಮ್ಮನ ಗಂಡ ಓಣಿಯವನೊಬ್ಬನನ್ನು ಸೋದರಮಾವನ ಜಾಗದಲ್ಲಿ ನಿಲ್ಲಿಸಿಬಿಟ್ಟ. ಸೊಂಟದ ತನಕ ನೆನೆದು ಬಂದ ಅಂಜಪ್ಪ ಅದನ್ನು ನೋಡಿದ. ತಂದಿದ್ದ ಬಾಸಿಂಗವನ್ನು ಹಂದರದ ಕಂಬಕ್ಕೆ ಸಿಕ್ಕಿಸಿ, ನೀರೂ ಕುಡಿಯದೆ ಹಿಂದಿರುಗಿದ. ಮೂರು ವರ್ಷದ ಕೆಳಗೆ ಗಂಡ ತೀರಿಕೊಂಡಾಗಲೂ ಬರಲಿಲ್ಲ.

“ಎರಡು ಸಲ ಕಾಗದ ಬರೆಸೀನಿ. ಉತ್ತರ ಇಲ್ಲ. ನೀವು ಹೇಳ್ರಿ. ನಾಗರ ಪಂಚಮಿಗಿ ತವರಿಗಿ ಕರೀಲಾಕ ಬಾ ಅಂದಾಳ ಅಂತ ಹೇಳ್ರಿ. ಬರೂದು ಆಗಂಗಿಲ್ಲಂದ್ರ ಬ್ಯಾಡ. ಸಿಟ್ಟಿಲ್ಲ ಅನ್ನೂದಷ್ಟು ಅವನ ಕಿವಿಗಿ ಬೀಳಲಿ.”

ಆಗ ಹೇಳಬೇಕಾಗಿತ್ತು. ನಾನು ಬಾಯಿ ತೆರೆದೆ ಕೂಡ. ಕಣ್ಣ ಮುಂದೆ ಗುಲ್ಬರ್ಗಾದ ಕಾಲೇಜು ಬಂತು. ಬಾಯಿ ಮುಚ್ಚಿದೆ.

ಹೊರಡುವಾಗ ಬಂಡಮ್ಮ, “ತವರಿನ ಹುಡುಗ್ಯಾರು ಬರೀ ಉಡೀಲೆ ಹೋಗಬಾರದು” ಎಂದಳು. ಸಾಮಾನ್ಯವಾಗಿ ಮದುವೆಯಾದವರಿಗೆ ಉಡಿ ತುಂಬುವುದು. ಅವಳು ಅದನ್ನು ಲೆಕ್ಕಿಸಲಿಲ್ಲ. ವಿಧವೆಯಾದ್ದರಿಂದ ತಾನು ಮಾತ್ರ ಕೈಹಚ್ಚದೆ ಬಾಗಿಲ ಹಿಂದೆ ಸರಿದು ನಿಂತು ಸೊಸೆಯಿಂದ ತುಂಬಿಸಿದಳು. ನಮ್ಮ ದಾವಣಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನಕೊಂಬು, ಬೆಲ್ಲ ಬಿದ್ದವು. ಮೇಲೆ ಒಂದೊಂದು ಕುಬಸದ ಖಣ. “ಇನ್ನೊಂದು ಬೊಗಸಿ ಹಾಕವ್ವಾ” ಎಂದು ಬಾಗಿಲ ಹಿಂದಿನಿಂದ ದನಿ ಬಂತು.

ಸ್ಟೇಷನ್ನಿನಲ್ಲಿ ಗಾಡಿ ನಿಂತೇ ಇತ್ತು. ಕಾಲೇಜಿನ ಹುಡುಗರು ಹಳಿಯ ಮೇಲೆ ಕೂತಿದ್ದರು. ಘೋಷಣೆ ಕೂಗಿ ಕೂಗಿ ದನಿ ಒಡೆದ ಒಬ್ಬ ಹುಡುಗ ನಮ್ಮ ಡಬ್ಬಿಗೆ ಬಂದು, ಹೆಂಗಸರಿಗೆ ನೀರು ಬೇಕೇ ಎಂದು ತೆಲುಗಿನಲ್ಲಿ ಕೇಳಿ ಕೊಡದಲ್ಲಿ ತಂದು ಕೊಟ್ಟ. ಎರಡು ತಾಸು ಕಳೆಯಿತು. ಮಡಿಲಲ್ಲಿ ಅಕ್ಕಿ ಭಾರವಾಗುತ್ತಿತ್ತು.

“ಕಿಟಕ್ಯಾಗಿಂದ ಚೆಲ್ಲಿಬಿಡ್ರಿ” ಎಂದ ವೈಜಿನಾಥ. “ಮನೀಗಿ ಒಯ್ದ್ರ ಏನಂತ ಹೇಳ್ತೀರಿ?”

“ಉಡಿ ಚೆಲ್ತಾರೇನೋ ಮಂಗ್ಯಾ” ಎಂದಳು ಶಿವಲಕ್ಷ್ಮಿ. ಉಡಿ ಅಕ್ಕಿಯನ್ನು ಚೆಲ್ಲಬಾರದು, ಬೇರೆಯವರಿಗೆ ಕೊಡಬಾರದು, ಮನೆಯಲ್ಲೇ ಬೇಯಿಸಿ ಮನೆಯವರೇ ಉಣ್ಣಬೇಕು. ಅವಳು ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. “ನಿಂದೂ ನನ್ನ ಸೆರಗಿಗಿ ಹಾಕು. ನಾನೇ ಅಟ್ಟು ತಿಂತೀನಿ. ಪಾಪ ಬಂದ್ರ ನನಗ ಬರಲಿ. ನೀ ಕಾಲೇಜಿಗಿ ಹೋಗು.”

ಅವಳನ್ನು ಮುಂದೆ ಓದಿಸುವವರು ಯಾರೂ ಇಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

“ಅಕ್ಕಿ ನೀ ಒಯ್ತಿ. ಆಕೀ ಮಾತು ಯಾರು ಒಯ್ತಾರ?” ಎಂದೆ.

“ಒಂದು ಕಾರ್ಡು ಹಾಕಿದ್ರಾತು” ಎಂದ ತುಳಸಿರಾಮ.

“ಎರಡು ಕಾಗದಕ್ಕ ಬರದಂವ ಕಾರ್ಡಿಗಿ ಬರ್ತಾನೇನು? ಅಂವ ಬದುಕಿದ್ದಾನೋ ಇಲ್ಲೋ ಅದರ ನಿನಗ ಗೊತ್ತದೇನು?”

ತುಳಸಿರಾಮ ತಲೆ ತಗ್ಗಿಸಿದ.

ರಾಯಿಕೋಡಿಗೆ ಹೋಗಿ ಬರಬಲ್ಲವರು ನನಗೆ ಗೊತ್ತಿದ್ದುದು ಒಬ್ಬರೇ. ಕಚೇರಿಯ ಕೆಲಸದ ಮೇಲೆ ಆ ಕಡೆಯ ಹಳ್ಳಿಗಳಿಗೆ ತಿಂಗಳಿಗೊಮ್ಮೆ ದೌರಾ ಹೋಗುತ್ತಿದ್ದ ನನ್ನ ಅಪ್ಪ.

ಮನೆ ಮುಟ್ಟಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. “ಏನವ್ವಾ, ಹೊಲದಾಗಿನ ಜ್ವಾಳ ಎಲ್ಲಾ ಸುಟ್ಟು ಬಂದೇನು?” ಎಂದಳು ಅಜ್ಜಿ. ಅಪ್ಪ ಕಚೇರಿಯ ಕಾಗದ ಹರಡಿಕೊಂಡು ಕೂತಿದ್ದರು. ನಾನು ಅವರ ಮುಂದೆ ಕೂತು ಸೆರಗು ಬಿಚ್ಚಿದೆ. ಅಕ್ಕಿಯ ಜೊತೆ ಕೊಬ್ಬರಿ ಬಟ್ಟಲು ಉರುಳಿ ಅವರ ಕಾಗದದ ಮೇಲೆ ಹೋಗಿ ನಿಂತಿತು. ಮೊದಲಿನಿಂದ ಕಡೆಯವರೆಗೆ ಹೇಳಿದೆ. ಪೇರಲಹಣ್ಣಿನವಳನ್ನೂ ಬಿಡಲಿಲ್ಲ.

ಅಪ್ಪ ಕೊಬ್ಬರಿ ಬಟ್ಟಲನ್ನು ಎತ್ತಿ ಅಕ್ಕಿಯ ಮೇಲಿಟ್ಟರು.

“ಸೀತನಿ ಅಂತ ಹೇಳಿ ಹೋದಿ” ಎಂದರು ಕಡೆಗೆ.

“ಹೌದ್ರಿ.”

“ಹೇಳದಿದ್ರ ನನಗ ತಿಳೀತಿದ್ದಿಲ್ಲ.”

“ಇಲ್ರಿ.”

“ಆಕೀ ಅಣ್ಣನ ಹೆಸರು ಏನಂದಿ?”

“ಅಂಜಪ್ಪ. ಅಗಸಿ ಬಾಜೂಕ ಮನಿ.”

ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು ಎದ್ದು ಹೋದರು. ಬೈದಿದ್ದರೆ ಚೆನ್ನಾಗಿತ್ತು. ಅಜ್ಜಿ ಒಂದೊಂದೇ ಅಕ್ಕಿಕಾಳು ಆಯ್ದು ಮೊರಕ್ಕೆ ತುಂಬಿದಳು. “ಆತು ನಿನ್ನ ಕಾಲೇಜು. ನಾಳಿಂದ ಹಪ್ಪಳ ಲಟ್ಟಸಾಕ ಕಲಿ” ಎಂದಳು. ಸ್ವಲ್ಪ ಹೊತ್ತಿನ ಮೇಲೆ ಒಲೆಯ ಮುಂದಿನಿಂದ ಅವಳದೇ ದನಿ ಬಂತು. “ಛಲೋ ಅಕ್ಕಿ ಹಾಕ್ಯಾಳ ಪುಣ್ಯಾತ್ಗಿತ್ತಿ.” ಆ ರಾತ್ರಿ ಮೂವರೂ ಬೆಲ್ಲದನ್ನ ಉಂಡೆವು.

ಮೂರು ವಾರ ಅಪ್ಪ ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ನಾನು ಪುಸ್ತಕ ತೆರೆಯುತ್ತಿದ್ದೆ, ಅಕ್ಷರ ಕಾಣುತ್ತಿರಲಿಲ್ಲ. ಅವರು ಒಮ್ಮೆ ದೌರಾ ಹೋಗಿ ಬಂದರು. ಮುಂದಿನ ಭಾನುವಾರ ಬೆಳಗಿನ ಗಾಡಿಗೆ ಎಲ್ಲಿಗೋ ಹೋದರು. ಸಂಜೆ ಬಂದು ಕೈಕಾಲು ತೊಳೆದು ಕೂತು, ತೊಗರಿಬೇಳೆಯ ಒಂದು ಗಂಟನ್ನು ಅಜ್ಜಿಯ ಮುಂದಿಟ್ಟರು.

“ತಾಂಡೂರಿಂದು” ಎಂದರು.

ಅಜ್ಜಿಗೆ ಹೇಳುವಂತೆ, ಆದರೆ ನನಗೆ ಕೇಳಿಸುವಂತೆ ಹೇಳಿದರು. ಅಂಜಪ್ಪ ಬದುಕಿದ್ದ. ಕಣ್ಣು ಮಾತ್ರ ಪೂರಾ ಮಂಜಾಗಿ, ಒಬ್ಬನೇ ಊರ ಅಗಸಿಯನ್ನೂ ದಾಟುವಂತಿರಲಿಲ್ಲ. ತಂಗಿಯ ಎರಡು ಕಾಗದವೂ ಜಂತಿಯ ಸಂದಿಯಲ್ಲಿದ್ದವು. ಬೈದು ಬರೆಸಿರಬೇಕೆಂದು ಹೆದರಿ ಯಾರಿಂದಲೂ ಓದಿಸಿರಲಿಲ್ಲ. ಅಪ್ಪ ಅವನ್ನು ಇಳಿಸಿ, ಧೂಳು ಕೊಡವಿ, ಅಲ್ಲೇ ಕೂತು ಓದಿ ಹೇಳಿದ್ದರು. ಅಂಜಪ್ಪ ಎರಡನೆಯದನ್ನು ಎರಡು ಸಲ ಓದಿಸಿಕೊಂಡನಂತೆ. ಪಂಚಮಿಯ ತನಕ ಕಾಯುವುದು ಬೇಡವೆಂದು ಅಪ್ಪನೇ ಈ ಭಾನುವಾರ ಅವನನ್ನು ಸ್ಟೇಷನ್ನಿಗೆ ಕರೆಸಿಕೊಂಡು ಕೈ ಹಿಡಿದು ತಾಂಡೂರಿಗೆ ಕರೆದುಕೊಂಡು ಹೋಗಿದ್ದರು.

“ಏನಂದಳೋ ಆಕಿ?” ಎಂದು ಕೇಳಿದಳು ಅಜ್ಜಿ.

“ಏನಂತಾಳ. ಮೊದಲು ಬೈದಳು. ಹುಣಸಿ ಗಿಡ ಕಾಯಿ ಬಿಟ್ಟದೇನು ಅಂದಳು. ಗಿಡ ಕಡದು ನಾಕು ವರ್ಷ ಆತು ಅಂದ ಅಂವ. ಆಮ್ಯಾಲ ಇಬ್ಬರೂ ಕೂಡಿ ಅತ್ತರು.” ಅಪ್ಪ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು. “ಹಂಗಾರ ಆ ಹುಡುಗೀ ಯಾರ ಮಗಳು ಅಂತ ಕೇಳಿದಳು.”

ನಾನು ತಲೆಯೆತ್ತಿ ಅಪ್ಪನನ್ನು ನೋಡಿದೆ.

“ನನ್ನ ಮಗಳು ಅಂದೆ.”

ಒಳಗೆ ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ತಿರುಗದೆಯೇ ಹೇಳಿದರು.

“ಗುಲ್ಬರ್ಗಾಕ್ಕ ಈಗ ಬಸ್ಸಿನ ಭರವಸಿ ಇಲ್ಲ. ರೈಲಿಗೇ ಹೋಗಬೇಕು. ವಿಕಾರಾಬಾದಿನ್ಯಾಗ ಗಾಡಿ ಬದಲಿ ಮಾಡೂದು ನಿನಗ ಹೇಳಿಕೊಡೂದೇನಿಲ್ಲ. ಪರೀಕ್ಷೆ ಯಾವಾಗರ ಆಗಲಿ, ಓದು.”

ಪರೀಕ್ಷೆ ಆಗುವ ಹೊತ್ತಿಗೆ ಮಳೆಗಾಲ ಬಂದಿತ್ತು. ಮುಂದಿನ ವರ್ಷಗಳಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದೆನೋ. ವಿಕಾರಾಬಾದಿನಲ್ಲಿ ಇಳಿದಾಗಲೆಲ್ಲ, ಬೇಕಿದ್ದರೂ ಬೇಡದಿದ್ದರೂ, ನಾಲ್ಕು ಪೇರಲಹಣ್ಣು ಕೊಳ್ಳುತ್ತಿದ್ದೆ. ಎರಡನ್ನು ಶಿವಲಕ್ಷ್ಮಿಗೆಂದು ಎತ್ತಿಡುತ್ತಿದ್ದೆ. ತಾಂಡೂರಿನಲ್ಲಿ ಗಾಡಿ ನಿಂತಾಗ ಎದುರಿಗೆ ಕೂತವರು ಯಾರಾದರೂ “ಯಾವೂರವ್ವಾ, ಯಾರ ಮಗಳು?” ಎಂದು ಕೇಳಿಯೇ ಕೇಳುತ್ತಿದ್ದರು. ಜಹೀರಾಬಾದ್, ತಹಸೀಲ್ ಕಚೇರಿಯ ಮಲ್ಲಿಕಾರ್ಜುನಪ್ಪನ ಮಗಳು ಎಂದು ಪೂರ್ತಿ ಹೇಳುತ್ತಿದ್ದೆ.